ಆಂಡ್ ಸನ್ಸ್

ಕಾದಂಬರಿಯ ಹದಿಮೂರನೇ ಫಾರಮ್ಮು ಮೇಜಿಗೆ ಬಂದಿದೆ.
ಮಸಿ ಇನ್ನೂ ಹಸಿ. ಭವಂತಿ ಬೀದಿಯ ಈ ಪ್ರೆಸ್ಸಿನಲ್ಲಿ
ಕರಡು ತಿದ್ದುವುದಕ್ಕೆ ನನಗೆ ಪುಟಕ್ಕಿಷ್ಟು ಎಂದು ಕೊಡುತ್ತಾರೆ;
ಕಥೆ ಸರಿಯೇ ಎಂದು ನೋಡುವುದಕ್ಕಲ್ಲ.

ಬರೆದವರು ಉಡುಪಿ ಕಡೆಯ ಮೇಷ್ಟರು, ಸಂಭಾವಿತರು.
ಲಸ್ರಾದೊ ಎಂಬುದನ್ನು ಅಲ್ಮೇಡ ಮಾಡಿದ್ದಾರೆ,
ಬೋಳೂರಿನ ಕಾರ್ಖಾನೆಯನ್ನು ಹೊಳೆಯಾಚೆ ಸಾಗಿಸಿದ್ದಾರೆ.
ಚಿಮಣಿ ಮಾತ್ರ ಅದೇ. ಮನೆಬಿಟ್ಟ ಹಿರಿಮಗನೂ ಅವನೇ,
ನನಗಿಂತ ಅರ್ಧ ಅಡಿ ಎತ್ತರ, ಪಿಟೀಲು ಬರುತ್ತದೆ.
ಮಣ್ಣಿನ ರಾಶಿ ಕೆಂಪು ಎಂದಿದ್ದಾರೆ. ಹಸಿಮಣ್ಣು ಬೂದಿ ಬಣ್ಣ,
ಕೆಂಪು ಬರುವುದು ಬೆಂದ ಮೇಲೆ.
ಅಂಚಿನಲ್ಲಿ ಒಂದು ಪ್ರಶ್ನೆಯ ಕೊಕ್ಕೆ ಹಾಕಿ ಬಿಟ್ಟೆ.

ಅವನು ಹೊರಟದ್ದು ಒಬ್ಬ ಹುಡುಗಿಗಾಗಿ ಅಂತೆ:
ಮಣ್ಣು ಹೊರುವವಳು, ಮಲ್ಲಿಗೆ ಮುಡಿದವಳು, ನಾಲ್ಕು ಅಧ್ಯಾಯ.
ಹುಡುಗಿ ಇರಲಿಲ್ಲ ಮೇಷ್ಟ್ರೇ. ಇದ್ದದ್ದು ಹಾಜರಿ ಪುಸ್ತಕ.
ಹೆಂಗಸರ ಲೆಕ್ಕದಲ್ಲಿ ಪ್ರತಿ ಶನಿವಾರ ಅರ್ಧ ದಿನ ಕಡಿಮೆ,
ಹನ್ನೊಂದು ವರ್ಷದಿಂದ.
ಸೇಸಿ, ಐವತ್ತು ದಾಟಿದವಳು, ಬಾಯಿ ತುಂಬ ಎಲೆಅಡಿಕೆ,
‘ಎಂಕ್ ಓದರೆ ಬರ್ಪುಜಿ, ಲೆಕ್ಕ ಬರ್ಪುಂಡು’ ಎಂದು
ನನ್ನ ಮುಂದೆ ಬೆರಳು ಮಡಚಿದಳು.
ನಾನು ಕೆಂಪು ಶಾಯಿಯಲ್ಲಿ ತಿದ್ದಿದೆ. ಅಷ್ಟೆ.
ಪಪ್ಪ ಪುಸ್ತಕ ಮುಚ್ಚಿ, ಕನ್ನಡಕ ಒರೆಸಿ,
‘ನಿನ್ನನ್ನು ಕೂರಿಸಿದ್ದು ಬರೆಯಲಿಕ್ಕೆ, ತಿದ್ದಲಿಕ್ಕಲ್ಲ’ ಎಂದರು.
ಆಮೇಲಿನ ನಲವತ್ತು ವರ್ಷ ತಿದ್ದಿಯೇ ತಿಂದಿದ್ದೇನೆ.

ಎಳವೆಯಲ್ಲಿ ಹೆಂಚಿನ ಅಚ್ಚಿನ ಮೇಲೆ ಬೆರಳಾಡಿಸಿ
ನಾನು ಓದು ಕಲಿತದ್ದು ತಿರುಗುಮುರುಗಾದ ಅಕ್ಷರದಲ್ಲಿ:
ಲಸ್ರಾದೊ ಆಂಡ್ ಸನ್ಸ್, ಇಂಗ್ಲಿಷಿನಲ್ಲಿ, ಬಲದಿಂದ ಎಡಕ್ಕೆ.
ಕಾಗದಕ್ಕೆ ಇಳಿಯುವ ಮೊದಲೇ, ಮೊಳೆಯಲ್ಲೇ,
ತಪ್ಪು ಹಿಡಿಯುತ್ತೇನೆಂದು ಕಂಪೋಸಿಂಗಿನ ವಾಮನನಿಗೆ ಬೆರಗು.
ಹೇಳಿಲ್ಲ ಅವನಿಗೆ.

ನಾನು ಹೊರಟ ವರ್ಷ
ಪಪ್ಪ ಫಿಟ್ಟರನನ್ನು ಕರೆಸಿ, ಒಂದೊಂದು ಅಚ್ಚಿನಿಂದಲೂ
ಕೊನೆಯ ‘ಎಸ್’ ಅನ್ನು ಉಳಿಯಿಟ್ಟು ಹೆರೆಸಿದರು.
ಹೊಸ ಅಚ್ಚು ಎರೆಸಿದರೆ ದುಡ್ಡು ದಂಡ.
ಇದು ಕಾದಂಬರಿಯಲ್ಲಿಲ್ಲ. ಮೇಷ್ಟರು ನಮ್ಮ ಮಾಡುಗಳ ಕೆಳಗೆ
ಜ್ವರದಲ್ಲಿ ಅಂಗಾತ ಮಲಗಿದವರಲ್ಲ.
ಹೆಂಚಿನ ಒಳಮೈ ನೋಡಿದರೆ ನನಗೆ ವರ್ಷ ಗೊತ್ತಾಗುತ್ತದೆ.
ಈ ಪ್ರೆಸ್ಸಿನದು ಹಳೆಯದು, ಎಸ್ ಇದೆ.
ನನ್ನ ಬಾಡಿಗೆ ಕೋಣೆಯದು ಆಮೇಲಿನದು,
ಸಾಲುಸಾಲಾಗಿ ಹಲ್ಲು ಬಿದ್ದ ಜಾಗ.

ಕೊನೆಯ ಅಧ್ಯಾಯದಲ್ಲಿ ತಂದೆ ಸಾಯುತ್ತಾನೆ, ಮಗ ಬರುತ್ತಾನೆ,
ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಾನೆ.
ಆ ದಿನ ಬಂದದ್ದು ತಮ್ಮ ಹಿಲರಿಯ ಗುಮಾಸ್ತ, ಹೊಸಬ, ನನ್ನ ಗುರುತಿಲ್ಲ.
ಮರಣದ ಕಾರ್ಡು, ಕಪ್ಪಂಚು, ಮುನ್ನೂರು ಪ್ರತಿ, ಸಂಜೆಯೊಳಗೆ.
ವಾಮನ ಜೋಡಿಸಿದ. ನಾನು ನೋಡಿದೆ.
ಹೆಸರು ಸರಿ. ವಯಸ್ಸು ಎಂಬತ್ತೊಂದು, ಸರಿ. ಇಗರ್ಜಿ, ಗಂಟೆ, ಸರಿ.
‘ಪತ್ನಿ, ಒಬ್ಬ ಮಗ ಹಾಗೂ ಮೂವರು ಹೆಣ್ಣುಮಕ್ಕಳನ್ನು ಅಗಲಿದ್ದಾರೆ.’
ಅಲ್ಲಿ ಪೆನ್ನು ಸ್ವಲ್ಪ ನಿಂತಿತು.
‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.
ಗೊತ್ತಿದ್ದೂ ನಾನು ಬಿಟ್ಟ ತಪ್ಪು ಅದೊಂದೇ,
ಅದರ ಮುನ್ನೂರು ಪ್ರತಿ ಈ ಊರಲ್ಲಿವೆ.

ಈಗ, ಪೆಟ್ಟಿಗೆಯ ಮೇಲೆ ಬಿದ್ದವನ ಮೇಲೆ
ಅಡ್ಡಗೀಟು ಎಳೆದಿದ್ದೇನೆ, ಇಡೀ ಪ್ಯಾರಾಕ್ಕೆ.
ನನ್ನ ಕೆಲಸವಲ್ಲ ಅದು.
ಒಳಗೆ ವಾಮನ ಟ್ರೆಡಲ್ಲಿಗೆ ಎಣ್ಣೆ ಬಿಡುತ್ತ
ಆಯಿತೇ, ಆಯಿತೇ ಎಂದು ಕೇಳುತ್ತಿದ್ದಾನೆ.
ಗೀಟಿನ ಕೆಳಗೆ ಚುಕ್ಕಿ ಚುಕ್ಕಿ ಇಟ್ಟು
ಅಂಚಿನಲ್ಲಿ ಬರೆಯುತ್ತೇನೆ: ಇರಲಿ.

ಅವನಾದರೂ ಹೋಗಲಿ.

ಮುಂದಿನ ಸಾಲು.
‘ಹೆಂಚು’ ಎಂಬಲ್ಲಿ ಸೊನ್ನೆ ಬಿದ್ದುಹೋಗಿದೆ.